ಅಜ್ಜಮಾಡ ದೇವಯ್ಯ: ಸಾಕ್ಷಿಯಿಲ್ಲದ ಕಾಳಗದ ಲೆಕ್ಕ

ಸೆಪ್ಟೆಂಬರ್ 7 ಹತ್ತಿರ ಬಂದರೆ, 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಮಡಿದ ನಮ್ಮ ವಾಯುಪಡೆಯ ಪೈಲಟ್, ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೊಪ್ಪಯ್ಯ ದೇವಯ್ಯನವರ ಫೋಟೊ ಎಲ್ಲರ ಫೇಸ್‌ಬುಕ್ ಗೋಡೆಯ ಮೇಲೂ ಕಾಣಿಸುತ್ತದೆ. ಸಂತೋಷದ ವಿಷಯ. ಆದರೆ ಫೋಟೊ ಕೆಳಗಿನ ಬರಹ ಓದಿದರೆ ಸಂಕಟವಾಗುತ್ತದೆ. ಒಬ್ಬರೇ ಪಾಕಿಸ್ತಾನಕ್ಕೆ ನುಗ್ಗಿದರು, ಆಜ್ಞೆ ಮೀರಿ ಹಾರಿದರು, ಮಿಸೈಲ್ ಹೊಡೆದು ಶತ್ರು ವಿಮಾನ ಉರುಳಿಸಿದರು ಎಂದೆಲ್ಲ ಬರೆದಿರುತ್ತದೆ. ಕೆಲವರು ಹಾಕುವ ವಿಮಾನದ ಚಿತ್ರವಂತೂ ಸೇಬರ್‌ನದು. ಅದು ಆ ಯುದ್ಧದಲ್ಲಿ ಪಾಕಿಸ್ತಾನದ ವಿಮಾನ! ದೇವಯ್ಯ ಮಾಡಿದ್ದು ಎಂಥ ಕೆಲಸ ಅಂತ ತಿಳಿಯಬೇಕಾದರೆ ಮೂರು ವಿಷಯ ಗೊತ್ತಿರಬೇಕು: ಪೆಟ್ರೋಲಿನ ಲೆಕ್ಕ, ಎರಡು ವಿಮಾನಗಳ ರೆಕ್ಕೆ, ಮತ್ತು ಆಕಾಶಕಾಳಗದಲ್ಲಿ ಸಾಕ್ಷಿ ಅಂದರೇನು ಅನ್ನುವುದು.

1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ಮೇಲೆ ಎರಗಿ, ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳನ್ನು ಸುಟ್ಟವು. ಮರುದಿನ ನಸುಕಿನಲ್ಲೇ ಸರ್ಗೋಧಾ ಮೇಲೆ ದಾಳಿ ಎಂದು ನಿಶ್ಚಯವಾಯಿತು. ಅದು ಪಾಕಿಸ್ತಾನ ವಾಯುಪಡೆಯ ಅತಿ ಮುಖ್ಯ ನೆಲೆ. ಜಲಂಧರ್ ಹತ್ತಿರದ ಆದಂಪುರದಿಂದ ಹೊರಟದ್ದು 1ನೇ ಸ್ಕ್ವಾಡ್ರನ್, 'ಟೈಗರ್ಸ್'. ನಾಯಕ ವಿಂಗ್ ಕಮಾಂಡರ್ ಓ. ಪಿ. ತನೇಜಾ. ದಾಳಿಗೆ ಫ್ರಾನ್ಸಿನಲ್ಲಿ ತಯಾರಾದ 12 ಮಿಸ್ಟೇರ್ ಯುದ್ಧವಿಮಾನ, ಜೊತೆಗೆ ಎರಡು ಮೀಸಲು. ಪೈಲಟ್‌ಗಳಿಗೆ ಹಾರಾಟ ಕಲಿಸುವ ಶಿಕ್ಷಕರಾಗಿದ್ದ ದೇವಯ್ಯ, ಯುದ್ಧ ಶುರುವಾದಾಗ ಈ ಸ್ಕ್ವಾಡ್ರನ್‌ಗೆ ಬಂದವರು. ಅವರಿಗೆ ಸಿಕ್ಕಿದ್ದು ಮೀಸಲು ಜಾಗ. ಹನ್ನೆರಡರಲ್ಲಿ ಯಾರಾದರೂ ಹಿಂದಕ್ಕೆ ಬಂದರೆ ಮಾತ್ರ ಆ ಜಾಗಕ್ಕೆ ಸೇರಬೇಕು, ಇಲ್ಲದಿದ್ದರೆ ವಾಪಸ್ ಬರಬೇಕು. ಒಂದು ವಿಮಾನ ಹಿಂದೆ ಸರಿಯಿತು, ದೇವಯ್ಯ ಸೇರಿಕೊಂಡರು. ಅಂದರೆ ಅವರು ಆಜ್ಞೆ ಮೀರಿರಲಿಲ್ಲ. ಮೀಸಲು ಪೈಲಟ್ ಮಾಡಬೇಕಾದ ಕೆಲಸವನ್ನೇ ಮಾಡಿದರು.

ಈಗ ಪೆಟ್ರೋಲಿನ ಲೆಕ್ಕ. ಜನ ಪೆಟ್ರೋಲ್ ಅನ್ನುತ್ತಾರೆ, ಜೆಟ್‌ಗೆ ಹಾಕುವುದು ಸೀಮೆಎಣ್ಣೆಯ ಜಾತಿಯ ಇಂಧನ. ಆದಂಪುರದಿಂದ ಸರ್ಗೋಧಾಕ್ಕೆ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ಇಷ್ಟೇನಾ ಅನಿಸಬಹುದು. ಆದರೆ ರೇಡಾರ್ ಕಣ್ಣಿಗೆ ಬೀಳಬಾರದೆಂದು ಇಡೀ ದಾರಿ ಮರಗಳ ನೆತ್ತಿ ಸವರಿಕೊಂಡು ಹಾರಬೇಕು. ಆ ಕಾಲದ ಜೆಟ್ ಎಂಜಿನ್ ಎತ್ತರದಲ್ಲಿ ಕುಡಿಯುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಇಂಧನವನ್ನು ನೆಲದ ಹತ್ತಿರದ ದಟ್ಟ ಗಾಳಿಯಲ್ಲಿ ಕುಡಿಯುತ್ತದೆ. ಅದರ ಮೇಲೆ ಬಾಂಬು, ರಾಕೆಟ್ಟುಗಳ ಭಾರ. ಹಾಗಾಗಿ ಸರ್ಗೋಧಾ ಮಿಸ್ಟೇರ್ ಪಾಲಿಗೆ ಕಟ್ಟಕಡೆಯ ಅಂಚು: ಹೋಗಬೇಕು, ಒಂದೇ ಸಲ ಹೊಡೆಯಬೇಕು, ಬಂದ ದಾರಿ ಹಿಡಿಯಬೇಕು. ಕಾಳಗಕ್ಕೆ ನಿಂತು, ಎಂಜಿನ್‌ನ ಜೋರು ಏರಿಸುವ ಹಿಡಿಯಾದ ಥ್ರಾಟಲ್ ಪೂರ್ತಿ ಮುಂದೊತ್ತಿದರೆ ಮನೆಗೆ ಮುಟ್ಟುವ ಇಂಧನ ನಿಮಿಷಗಳಲ್ಲಿ ಮುಗಿಯುತ್ತದೆ. ಇದು ಆ ಬೆಳಗ್ಗೆ ಹೊರಟ ಪ್ರತಿಯೊಬ್ಬ ಪೈಲಟ್‌ಗೂ ಗೊತ್ತಿತ್ತು. ಹಾರಾಟ ಕಲಿಸುತ್ತಿದ್ದ ದೇವಯ್ಯನವರಿಗೆ ಗೊತ್ತಿರಲಿಲ್ಲ ಎನ್ನುವ ಪ್ರಶ್ನೆಯೇ ಇಲ್ಲ.

ಹಿಂದಿರುಗುವ ಹೊತ್ತಿಗೆ ಎದುರಾದದ್ದು ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಾರಿಸುತ್ತಿದ್ದ ಎಫ್-104 ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗ, ರೇಡಾರ್, ಶಾಖ ಹಿಂಬಾಲಿಸುವ ಸೈಡ್‌ವಿಂಡರ್ ಮಿಸೈಲ್, ಆರು ನಳಿಗೆ ಗಿರಗಿರ ತಿರುಗುವ 20 ಮಿ.ಮೀ. ವಲ್ಕನ್ ಗನ್. ಮಿಸ್ಟೇರ್ ಸಮಮಟ್ಟದ ಹಾರಾಟದಲ್ಲಿ ಶಬ್ದದ ವೇಗವನ್ನೂ ದಾಟದು. ಮಿಸೈಲ್ ಇಲ್ಲ, ರೇಡಾರ್ ಇಲ್ಲ. ಇರುವುದು 30 ಮಿ.ಮೀ.ನ ಎರಡು ದೇಫಾ ಫಿರಂಗಿ, ಒಂದೊಂದಕ್ಕೆ 150 ಗುಂಡು. ಗುಂಡಿ ಒತ್ತಿ ಹಿಡಿದರೆ ಏಳೆಂಟು ಸೆಕೆಂಡಿನಲ್ಲಿ ಎರಡೂ ಖಾಲಿ.

ಆದರೂ ಸ್ಟಾರ್‌ಫೈಟರ್‌ಗೆ ಒಂದು ದೊಡ್ಡ ಕೊರತೆ ಇತ್ತು: ಅದರ ರೆಕ್ಕೆ. ವೇಗಕ್ಕಾಗಿಯೇ ಮಾಡಿದ ಚಿಕ್ಕ, ತೆಳು ರೆಕ್ಕೆ, ಸುಮಾರು 18 ಚದರ ಮೀಟರ್. ಅದರ ಮುಂದಿನ ಅಂಚು ಎಷ್ಟು ಹರಿತವೆಂದರೆ, ನಿಲ್ಲಿಸಿದಾಗ ನೆಲದ ಸಿಬ್ಬಂದಿಯ ಕೈಮೈ ಕುಯ್ಯದಿರಲೆಂದು ಗವಸು ಹಾಕಿಡುತ್ತಿದ್ದರು. ಮಿಸ್ಟೇರ್ ರೆಕ್ಕೆ 32 ಚದರ ಮೀಟರ್. ಸಣ್ಣ ಸುತ್ತಿನಲ್ಲಿ ತಿರುಗುವಾಗ ವಿಮಾನವನ್ನು ಎತ್ತಿಹಿಡಿಯುವುದು ರೆಕ್ಕೆ. ಸ್ಟಾರ್‌ಫೈಟರ್ ಪೈಲಟ್ ಮಾಡಬೇಕಾದದ್ದು ವೇಗವಾಗಿ ಬಂದು ಹೊಡೆದು ದೂರ ಹೋಗುವುದು. ಅದನ್ನು ಬಿಟ್ಟು, ವೇಗ ಇಳಿಸಿ, ಮಿಸ್ಟೇರ್ ಜೊತೆ ಸುತ್ತಾಟಕ್ಕೆ ಇಳಿದರೆ ಹಳೇ ವಿಮಾನದ ಕೈ ಮೇಲಾಗುತ್ತದೆ. ಅಂದು ಆಗಿದ್ದೂ ಅದೇ. ಅಮ್ಜದ್ ಹೊಡೆದ ಗುಂಡು ಮಿಸ್ಟೇರ್‌ಗೆ ತಗುಲಿತು. ಇದು ಮುಗಿಯಿತು ಎಂದುಕೊಂಡು ಅವರು ಇನ್ನೊಂದು ಮಿಸ್ಟೇರ್ ಹುಡುಕಿದರು. ಆ ಮಿಸ್ಟೇರ್ ತಪ್ಪಿಸಿಕೊಂಡು ಓಡುವ ಬದಲು ತಿರುಗಿ ಮೇಲೆ ಬಿತ್ತು. ಕೊನೆಗೆ ಸ್ಟಾರ್‌ಫೈಟರ್ ಹತೋಟಿ ತಪ್ಪಿತು, ಅಮ್ಜದ್ ಹೊರಜಿಗಿದು ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ದೇವಯ್ಯ ವಾಪಸ್ ಬರಲಿಲ್ಲ.

ಆದಂಪುರದಲ್ಲಿ ಇದ್ಯಾವುದೂ ಗೊತ್ತಾಗಲಿಲ್ಲ. ಒಂದು ವಿಮಾನ ಬಂದಿಲ್ಲ ಅನ್ನುವುದಷ್ಟೇ ಗೊತ್ತು. ದಾಖಲೆಯಲ್ಲಿ 'ಕಾಣೆಯಾಗಿದ್ದಾರೆ' ಎಂದು ಬರೆದರು. ಶತ್ರು ವಿಮಾನ ಬೀಳಿಸಿದ್ದನ್ನು ವಾಯುಪಡೆ ಒಪ್ಪಬೇಕಾದರೆ ಸಾಮಾನ್ಯವಾಗಿ ಮೂರು ಬಗೆಯ ಸಾಕ್ಷಿ ನೋಡುತ್ತಾರೆ. ಗುಂಡು ಹಾರಿದಾಗ ತಾನಾಗಿ ಓಡುವ ಗನ್ ಕ್ಯಾಮೆರಾದ ಫಿಲ್ಮು, ಪಕ್ಕದಲ್ಲಿ ಹಾರುತ್ತಿದ್ದ ಜೊತೆಗಾರನ ಹೇಳಿಕೆ, ನೆಲದ ಮೇಲೆ ಬಿದ್ದ ಅವಶೇಷ. ದೇವಯ್ಯನವರ ವಿಷಯದಲ್ಲಿ ಫಿಲ್ಮು ವಿಮಾನದ ಜೊತೆಗೇ ಹೋಯಿತು. ಕಾಳಗವನ್ನು ಕಣ್ಣಾರೆ ಕಂಡ ಜೊತೆಗಾರರು ಇರಲಿಲ್ಲ. ಅವಶೇಷ ಗಡಿಯಾಚೆ ಬಿದ್ದಿತ್ತು. ಮೂರಕ್ಕೆ ಮೂರೂ ಇಲ್ಲ. 'ಸರ್ಕಾರ ಮರೆತೇಬಿಟ್ಟಿತು' ಎಂದು ಸಲೀಸಾಗಿ ಬರೆಯುವವರು ಇದನ್ನೊಮ್ಮೆ ಯೋಚಿಸಬೇಕು. ಗೊತ್ತೇ ಇಲ್ಲದ ಸಾಹಸಕ್ಕೆ ಪದಕ ಹೇಗೆ ಕೊಡುವುದು?

ಗೊತ್ತಾದದ್ದು 14 ವರ್ಷದ ಮೇಲೆ. 1979ರಲ್ಲಿ ಬ್ರಿಟಿಷ್ ಬರಹಗಾರರೊಬ್ಬರು ಪಾಕಿಸ್ತಾನ ವಾಯುಪಡೆಯ ನೆರವಿನಿಂದ ಬರೆದ ಪುಸ್ತಕದಲ್ಲಿ ಅಮ್ಜದ್ ಕಡೆಯ ವಿವರ ಬಂತು: ಸ್ಟಾರ್‌ಫೈಟರ್ ಬಿದ್ದದ್ದು ಮಿಸ್ಟೇರ್ ಒಂದರ ಜೊತೆ ನಡೆದ ಕಾಳಗದಲ್ಲಿ. ಮುಂದೆ ಅದನ್ನು ಓದಿದ ತನೇಜಾ ಅವರಿಗೆ ಉಳಿದದ್ದು ಕಳೆಯುವ ಲೆಕ್ಕ. ಸರ್ಗೋಧಾದಿಂದ ವಾಪಸ್ ಬಂದವರಲ್ಲಿ ಒಬ್ಬರೂ ಸ್ಟಾರ್‌ಫೈಟರ್ ಜೊತೆ ಸೆಣಸಿದ್ದಾಗಿ ಹೇಳಿರಲಿಲ್ಲ. ಬಾರದವರು ಒಬ್ಬರೇ. ಅಮ್ಜದ್ ಎರಡು ಬೇರೆ ಮಿಸ್ಟೇರ್ ಎಂದುಕೊಂಡದ್ದು ನಿಜಕ್ಕೂ ಒಂದೇ ಆಗಿತ್ತು. ಪೆಟ್ಟು ತಿಂದ ವಿಮಾನದಲ್ಲೇ ದೇವಯ್ಯ ತಿರುಗಿ ಬಿದ್ದಿದ್ದರು. ತನೇಜಾ ವಾಯುಪಡೆಯ ಮುಖ್ಯ ಕಚೇರಿಗೆ ಪತ್ರ ಬರೆದರು. 1988ರಲ್ಲಿ, ಯುದ್ಧ ಮುಗಿದು 23 ವರ್ಷವಾದ ಮೇಲೆ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ವಾಯುಪಡೆಯಲ್ಲಿ ಆ ಪದಕವನ್ನು ಮರಣೋತ್ತರವಾಗಿ ಪಡೆದವರು ಅವರೊಬ್ಬರೇ. ಪದಕವನ್ನು ಸ್ವೀಕರಿಸಿದವರು ಅವರ ಪತ್ನಿ. ಗಡಿಯಾಚೆಯ ಹಳ್ಳಿಯವರು ಹೊಲದಲ್ಲಿ ಸಿಕ್ಕ ದೇಹವನ್ನು ಅಲ್ಲೇ ಮಣ್ಣು ಮಾಡಿದ್ದರು ಎಂಬ ಸುದ್ದಿಯೂ ಆಮೇಲೆ ಆ ಕಡೆಯಿಂದಲೇ ಬಂತು.

ಕೊಡಗಿನಲ್ಲಿ ಸೆಪ್ಟೆಂಬರ್ 3 ಆಯುಧಕ್ಕೆ ಪೂಜೆ ಮಾಡುವ ಕೈಲ್‌ಪೊಳ್ದ್. ಅದಾಗಿ ನಾಲ್ಕನೆಯ ದಿನ ದೇವಯ್ಯನವರ ದಿನ. ಮಡಿಕೇರಿಯ ಖಾಸಗಿ ಬಸ್ ನಿಲ್ದಾಣದ ಬಳಿಯ ವೃತ್ತಕ್ಕೆ ಅವರ ಹೆಸರಿದೆ, 2020ರ ಸೆಪ್ಟೆಂಬರ್ 7ರಂದು ಅಲ್ಲಿ ಪ್ರತಿಮೆಯೂ ನಿಂತಿತು. ಇದೆಲ್ಲ ಆಗಬೇಕಾದದ್ದೇ. ಆದರೆ ನಮ್ಮ ಹಳೆಯ ವೀರಗಲ್ಲು ಕಡೆದವರು ಸತ್ತವನ ಹೆಸರೊಂದನ್ನೇ ಬರೆದು ಸುಮ್ಮನಾಗುತ್ತಿರಲಿಲ್ಲ. ತುರುಗಾಳಗವೋ, ಊರಳಿವೋ, ಯಾರ ಕಾಲದಲ್ಲಿ, ಯಾರ ಮೇಲೆ ಬಿದ್ದು ಸತ್ತ ಅನ್ನುವುದನ್ನೂ ಕಲ್ಲಿಗೆ ಒಪ್ಪಿಸುತ್ತಿದ್ದರು. ಶಾಲೆಯ ಭಾಷಣಕ್ಕೋ, ಫಲಕಕ್ಕೋ, ಫೇಸ್‌ಬುಕ್ಕಿಗೋ ದೇವಯ್ಯನವರ ಬಗ್ಗೆ ಬರೆಯುವವರು ಅಷ್ಟಾದರೂ ಬರೆಯಲಿ: 1965ರ ಸೆಪ್ಟೆಂಬರ್ 7, ಆದಂಪುರದಿಂದ ಸರ್ಗೋಧಾ, ಮಿಸ್ಟೇರ್, ಎದುರಿಗೆ ಸ್ಟಾರ್‌ಫೈಟರ್, ಹಿಂದಿರುಗಲು ಬೇಕಾದ ಇಂಧನ ಖರ್ಚಾಗುತ್ತದೆಂದು ತಿಳಿದೂ ತಿರುಗಿ ನಿಂತದ್ದು.

ಚಿತ್ರ ಹಾಕುವವರಿಗೆ ಒಂದು ಗುರುತು ಹೇಳುತ್ತೇವೆ. ಸೇಬರ್‌ಗೂ ಮಿಸ್ಟೇರ್‌ಗೂ ಮೂತಿಯಲ್ಲೇ ಗಾಳಿ ಬಾಯಿ, ಹಿಂದಕ್ಕೆ ಬಾಗಿದ ರೆಕ್ಕೆ, ಹಾಗಾಗಿ ಗಲಿಬಿಲಿಯಾಗುವುದು ಸಹಜ. ಬಾಲ ನೋಡಿ. ಸೇಬರ್‌ನಲ್ಲಿ ಅಡ್ಡಬಾಲ ಮೈಗೆ ಅಂಟಿಕೊಂಡಂತೆ ಕೆಳಗಿರುತ್ತದೆ, ಮಿಸ್ಟೇರ್‌ನಲ್ಲಿ ನಿಂತ ಬಾಲದ ಮೇಲಕ್ಕೆ ಏರಿಸಿ ಕೂರಿಸಿದ್ದಾರೆ. ದಿಲ್ಲಿಗೆ ಹೋದವರು ಪಾಲಂನ ವಾಯುಪಡೆ ಸಂಗ್ರಹಾಲಯದಲ್ಲಿ ಮಿಸ್ಟೇರ್ ಅನ್ನೇ ನೋಡಬಹುದು. ಬರಹದಲ್ಲಿ ಜಾಗವಿದ್ದರೆ ತನೇಜಾ ಅವರ ಹೆಸರನ್ನೂ ಸೇರಿಸಿ. ತನ್ನ ಜೊತೆ ಹೊರಟು ಬಾರದೆ ಹೋದವನಿಗಾಗಿ, ಯುದ್ಧ ಮುಗಿದು ಅಷ್ಟು ವರ್ಷಗಳಾದ ಮೇಲೂ ಶತ್ರುವಿನ ಪುಸ್ತಕ ಓದಿ ಪತ್ರ ಬರೆದವರು ಅವರು.