ಏನಂತೆ?

ನಮ್ಮ ಮಾವ ಊರಿಂದ ಬಂದರೆ ಮನೆಗೆ ಒಂದು ಹೊಸ ಸದ್ದು ಸೇರಿಕೊಳ್ಳುತ್ತದೆ. ಕುಕ್ಕರ್ ಸೀಟಿ, ಮೇಲಿನ ಮನೆಯವರ ಡ್ರಿಲ್ಲಿಂಗ್, ಅದರ ಜೊತೆಗೆ "ಏನಂತೆ?" ಟಿವಿಯಲ್ಲಿ ಯಾರು ಬಾಯಿ ಬಿಟ್ಟರೂ "ಏನಂತೆ?" ನನ್ನ ಫೋನ್ ಬಡಿದುಕೊಂಡು, ನಾನಿನ್ನೂ ಹಲೋ ಅನ್ನುವ ಮೊದಲೇ "ಏನಂತೆ?" ಅದನ್ನೆಲ್ಲ ಸಹಿಸಿಕೊಂಡಿದ್ದೆ. ಮೊನ್ನೆ ಭಾನುವಾರದ್ದು ಮಾತ್ರ ಇನ್ನೂ ತಲೆಯಿಂದ ಇಳಿದಿಲ್ಲ.

ಹೆಂಡತಿ, ಮಗಳು ಮದುವೆಗೆ ಹೋಗಿದ್ದರು. ರಿಮೋಟು ನನ್ನ ಕೈಗೆ ಸಿಗುವುದು ವರ್ಷಕ್ಕೆ ಎರಡೋ ಮೂರೋ ಸಲ. 'ಕಾದಲಿಕ್ಕ ನೇರಮಿಲ್ಲೈ' ಹಾಕಿದೆ. 1964ರ ತಮಿಳು ಚಿತ್ರ, ಶ್ರೀಧರ್ ನಿರ್ದೇಶನ. ಹೆಸರು ನೋಡಿದ ಕೂಡಲೇ ಮಾವ "ಏನಂತೆ?" ಅಂದರು. "ಪ್ರೀತಿ ಮಾಡೋಕೆ ಟೈಮಿಲ್ಲ ಅಂತ" ಅಂದೆ. ಅಷ್ಟು ಹೇಳಿದ್ದೇ ತಪ್ಪಾಯಿತು. ಅಳಿಯನಿಗೆ ತಮಿಳು ಬರುತ್ತೆ ಅಂತ ಖಾತ್ರಿಯಾಗಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು.

ನನ್ನ ತಮಿಳಿನ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಬೆಳೆದದ್ದು ಶ್ರೀರಾಮಪುರದ ಒಂದು ವಠಾರದಲ್ಲಿ. ಎಂಟು ಮನೆ, ಒಂದು ನಲ್ಲಿ. ಎಂಟರಲ್ಲಿ ನಾಲ್ಕು ಮನೆಯವರು ತಮಿಳರು. ನಾನು ತಮಿಳು ಕಲಿತದ್ದು ಆ ನಲ್ಲಿಯ ಮುಂದೆ, ಬಿಂದಿಗೆ ಸಾಲಿನಲ್ಲಿ. ಹಾಗಾಗಿ ಜಗಳದ ತಮಿಳು ನನಗೆ ಲೀಲಾಜಾಲ. ಯಾರ ಕೊಡ ಮೊದಲು, ಯಾರ ವಂಶ ಎಂಥದ್ದು, ಎಲ್ಲ ಅರ್ಥವಾಗುತ್ತೆ. ಪ್ರೀತಿಯ ತಮಿಳನ್ನು ಮಾತ್ರ ನಮ್ಮ ವಠಾರದಲ್ಲಿ ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ.

ಇಂಗ್ಲಿಷ್ ಸಬ್‌ಟೈಟಲ್ ಇದೆ, ಓದಿಕೊಳ್ಳಿ ಅಂತ ತೋರಿಸಿದೆ. "ಸಿನಿಮಾ ನೋಡೋದೋ, ಪೇಪರ್ ಓದೋದೋ?" ಅಂದರು. ಬಾಯಿ ಮುಚ್ಚಿಕೊಂಡೆ.

ಅದರಲ್ಲೊಂದು ಹಾಡು ಬರುತ್ತೆ. ಕೆಲಸದಿಂದ ತೆಗೆದುಹಾಕಿದ ಸಿಟ್ಟಿಗೆ ಹೀರೋ ರವಿಚಂದ್ರನ್ ಎಸ್ಟೇಟ್ ಮಾಲೀಕನ ಬಂಗಲೆ ಎದುರಿಗೇ ಠಿಕಾಣಿ ಹೂಡಿ, ಜೊತೆಗೊಂದಿಷ್ಟು ಹುಡುಗರನ್ನು ಕಟ್ಟಿಕೊಂಡು, ವಿಶ್ವನಾಥನ್ ಕೆಲಸ ಕೊಡಲೇಬೇಕು ಅಂತ ಕುಣಿಯುತ್ತಾನೆ. ಪೊಳ್ಳಾಚಿ ಹತ್ತಿರದ ಆಳಿಯಾರ್‌ನಲ್ಲಿ ತೆಗೆದದ್ದು. ಈಸ್ಟ್‌ಮನ್ ಕಲರ್. ಕಾಲು ತಾನಾಗಿ ತಾಳ ಹಾಕಬೇಕು, ಅಂಥ ಹಾಡು.

"ವಿಶ್ವನಾಥನ್ ಅಂದ್ರೆ ಯಾರು?"

"ಎಸ್ಟೇಟ್ ಮಾಲೀಕರು ಮಾವ."

"ಮ್ಯೂಸಿಕ್ಕೂ ವಿಶ್ವನಾಥನ್ ಅಂತ ಹಾಕಿದ್ರಲ್ಲ?"

"ಅವರು ಬೇರೆ. ವಿಶ್ವನಾಥನ್–ರಾಮಮೂರ್ತಿ ಅಂತ."

"ಅವರಿಗೂ ಎಸ್ಟೇಟ್ ಇದೆಯಾ?"

ಹಾಡು ಮುಗಿದಿತ್ತು. ಹಿಂದಕ್ಕೆ ತಿರುಗಿಸಿದೆ. ಮತ್ತೆ "ಏನಂತೆ?" ಅಂದರು. ಆಮೇಲೆ ಹಿಂದಕ್ಕೆ ತಿರುಗಿಸುವುದನ್ನೇ ಬಿಟ್ಟೆ.

ಕಷ್ಟ ಶುರುವಾದದ್ದು ಲವ್ ಸೀನುಗಳಲ್ಲಿ. ಮುತ್ತುರಾಮನ್, ಕಾಂಚನಾ ಹತ್ತಿರ ಹತ್ತಿರ ನಿಂತು ಮೆಲ್ಲಗೆ ಮಾತಾಡುತ್ತಾರೆ. ನನ್ನ ಬಿಂದಿಗೆ ತಮಿಳು ಅಲ್ಲಿಗೆ ಮುಟ್ಟಲ್ಲ. ಸಬ್‌ಟೈಟಲ್ ನೋಡಿ ಹೇಳೋಣವೆಂದರೆ, ವಯಸ್ಸಾದ ಮಾವನ ಮುಖ ನೋಡುತ್ತಾ ಅಂಥ ಮಾತನ್ನು ನನ್ನ ಬಾಯಿಂದ ಹೇಗೆ ಹೇಳಲಿ? "ಚೆನ್ನಾಗಿದ್ದೀಯಾ ಅಂತ ಕೇಳ್ತಿದಾನೆ" ಅಂದೆ. ಮುಂದಿನ ಸೀನಿನಲ್ಲೂ ಅದನ್ನೇ ಅಂದೆ. ಮೂರನೇ ಸಲ ಅವರಿಗೆ ಅನುಮಾನ ಬಂತು. "ಅವಳು ಅಷ್ಟುದ್ದ ಹೇಳಿದಳಲ್ರೀ, ನೀವು ಎರಡೇ ಮಾತಲ್ಲಿ ಮುಗಿಸಿಬಿಟ್ರಿ" ಅಂತ, ತೂಕದಲ್ಲಿ ಮೋಸವಾದವರ ಹಾಗೆ ನನ್ನನ್ನೇ ನೋಡಿದರು.

ಅಷ್ಟರಲ್ಲಿ ನಾಗೇಶ್ ಬಂದರು. ಮಾಲೀಕನ ಮಗ ಚೆಲ್ಲಪ್ಪ, 'ಓಹೋ ಪ್ರೊಡಕ್ಷನ್ಸ್' ಅಂತ ಬೋರ್ಡ್ ಹಾಕಿಕೊಂಡು ಸಿನಿಮಾ ತೆಗೆಯಲು ಹೊರಟವನು. ಮಾವನನ್ನು ಖುಷಿಪಡಿಸೋಣ ಅಂತ, ನಾಗೇಶ್ ಹುಟ್ಟಿದ್ದು ತಮಿಳುನಾಡಿನ ಧಾರಾಪುರದಲ್ಲಾದರೂ ಅವರ ಮನೆಮಾತು ಕನ್ನಡ ಅಂತ ಹೇಳಿದೆ.

"ಹಂಗಾದ್ರೆ ಕನ್ನಡದಲ್ಲೇ ಮಾತಾಡಬಹುದಿತ್ತಲ್ಲ!"

ಮಾತು ಮುಂದುವರಿಸಲಿಲ್ಲ. ಯಾಕಂದರೆ ನಾನು ಕಾಯುತ್ತಿದ್ದ ಸೀನು ಶುರುವಾಗಿತ್ತು. ಚೆಲ್ಲಪ್ಪ ಅಪ್ಪನನ್ನು ಕೂರಿಸಿಕೊಂಡು ತನ್ನ ಸಿನಿಮಾದ ದೆವ್ವದ ಕಥೆ ಹೇಳುವುದು. ದೆವ್ವ ಇಲ್ಲ, ಕತ್ತಲಿಲ್ಲ. ಒಬ್ಬ ಹೇಳುತ್ತಾನೆ, ಒಬ್ಬ ಕೇಳುತ್ತಾನೆ, ಅಷ್ಟೇ. ನಾಗೇಶ್ ಬಾಯಲ್ಲೇ ಎಲ್ಲ ಸದ್ದನ್ನೂ ಮಾಡುತ್ತಾರೆ. ಕೇಳುತ್ತಾ ಕೂತ ಟಿ.ಎಸ್. ಬಾಲಯ್ಯ ಅವರ ಕಣ್ಣು ದೊಡ್ಡದಾಗುತ್ತದೆ, ಗಂಟಲು ಒಣಗುತ್ತದೆ, ಮೈ ಕುರ್ಚಿಯೊಳಗೆ ಇಳಿಯುತ್ತದೆ. ಹೇಳುವವನಿಗಿಂತ ಕೇಳುವವನೇ ಜಾಸ್ತಿ ನಗಿಸುತ್ತಾನೆ.

ಇಷ್ಟು ಹೊತ್ತಿಗೆ ಐದು "ಏನಂತೆ?" ಬರಬೇಕಿತ್ತು. ಬರಲಿಲ್ಲ. ತಿರುಗಿ ನೋಡಿದೆ. ಮಾವನ ಬಾಯಿ ಅರ್ಧ ತೆರೆದಿದೆ. ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ಟಿವಿಯಲ್ಲೊಬ್ಬ ಬಾಲಯ್ಯ, ಪಕ್ಕದಲ್ಲೊಬ್ಬ ಬಾಲಯ್ಯ. ಆಮೇಲೆ ನಕ್ಕರು ನೋಡಿ, ಕೆಮ್ಮು ಹತ್ತಿ, ನೀರು ಕೊಟ್ಟು ಬೆನ್ನು ನೀವಬೇಕಾಯಿತು. ಆಗ ಅಡುಗೆಮನೆಯಲ್ಲಿ ಹಾಲು ಉಕ್ಕಿತು. ಒಲೆ ಒರೆಸಿ ಬರುವಷ್ಟರಲ್ಲಿ ಹಳೇ ಮಾವ ಹಾಜರ್. "ಈಗ ಬಂದನಲ್ಲ ಮುದುಕ, ಏನಂತೆ?"

ಬಂದವನು ಮುದುಕನಲ್ಲ. ಎಸ್ಟೇಟ್ ಮಾಲೀಕನ ಮಗಳನ್ನು ಮದುವೆಯಾಗಲು ಹೀರೋ ತಾನು ಶ್ರೀಮಂತನ ಮಗ ಅಂತ ಸುಳ್ಳು ಹೇಳಿ, ಗೆಳೆಯನಿಗೆ ಅಪ್ಪನ ವೇಷ ಹಾಕಿಸಿ ಕರೆಸಿದ್ದಾನೆ. ಆ ಗೆಳೆಯ ಪ್ರೀತಿಸಿದ್ದು ಇದೇ ಮನೆಯ ಇನ್ನೊಬ್ಬ ಮಗಳನ್ನು. ಇದನ್ನು ಒಬ್ಬರಿಗೆ ಬಾಯಲ್ಲಿ ಬಿಡಿಸಿ ಹೇಳಿ ನೋಡಿ, ಆಗ ಗೊತ್ತಾಗುತ್ತೆ. ಎರಡೂವರೆ ಗಂಟೆ ಚಿಲ್ಲರೆಯ ಸಿನಿಮಾ. ನಾವು ಮಧ್ಯಾಹ್ನ ಎರಡಕ್ಕೆ ಕೂತವರು, ಏಳು ಗಂಟೆಗೂ ಎದ್ದಿರಲಿಲ್ಲ. ನನ್ನ ಗಂಟಲು ಬಿದ್ದುಹೋಗಿತ್ತು.

ಇನ್ನು ಹತ್ತು ನಿಮಿಷ ಇದೆ ಅನ್ನುವಾಗ ಮಾವ ತೊಡೆ ತಟ್ಟಿದರು. "ಅಯ್ಯೋ, ಇದು ನಮ್ಮ 'ಪ್ರೀತಿ ಮಾಡು ತಮಾಷೆ ನೋಡು' ಕಣ್ರೀ! ಕಥೆ ಪೂರ್ತಿ ಗೊತ್ತು ನಂಗೆ!"

ನಿಜವೇ. 1979ರಲ್ಲಿ ಇದೇ ಕಥೆ ಕನ್ನಡಕ್ಕೆ ಬಂದಿತ್ತು. ಶ್ರೀನಾಥ್, ಶಂಕರ್ ನಾಗ್, ಮಂಜುಳಾ, ದ್ವಾರಕೀಶ್ ಎಲ್ಲ ಇದ್ದರು. ಐದು ಗಂಟೆ ಬಾಯಿ ನೋಯಿಸಿಕೊಂಡ ಮೇಲೆ ಈ ಮಾತು. ನಾನು ರಿಮೋಟನ್ನು ಮೆಲ್ಲಗೆ ಕೆಳಗಿಟ್ಟೆ. ಕೈಯಲ್ಲಿದ್ದರೆ ಅಪಾಯ ಅನ್ನಿಸಿತು.

"ನಿಮ್ಮತ್ತೆ ಜೊತೆ ನೋಡಿದ್ದು" ಅಂದರು. ಅತ್ತೆ ಭದ್ರಾವತಿಯವರು. ಅಕ್ಕಪಕ್ಕದ ಮನೆಯವರಿಂದ ತಮಿಳು ಕಲಿತಿದ್ದರು. ತಮಿಳಿನದ್ದನ್ನು ಮೊದಲೇ ನೋಡಿಬಿಟ್ಟಿದ್ದರಂತೆ. "ಮುಂದೆ ಹಿಂಗಾಗುತ್ತೆ, ಹಂಗಾಗುತ್ತೆ ಅಂತ ಸಿನಿಮಾ ಮುಗಿಯೋವರೆಗೂ ಕಿವೀಲಿ ಒದರ್ತಾನೇ ಇದ್ದಳು. ಎಷ್ಟು ಬೈದಿದ್ದೆ ಅವತ್ತು." ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. ಸುಮಾರು ಹೊತ್ತು ಒರೆಸಿದರು. ಅತ್ತೆ ಹೋಗಿ ಆರು ವರ್ಷವಾಯಿತು. ಉಳಿದ ಹತ್ತು ನಿಮಿಷ ಇಬ್ಬರೂ ಮಾತಾಡದೆ ನೋಡಿದೆವು.

ಮಾರನೇ ದಿನ ರಾತ್ರಿ ನಾನೇ ಹುಡುಕಿ ಕನ್ನಡದ್ದನ್ನು ಹಾಕಿದೆ. ಅನುವಾದದ ಕೆಲಸವಿಲ್ಲ, ಆರಾಮಾಗಿ ಕಾಲು ಚಾಚಿಕೊಂಡು ಕೂತೆ. ಟೈಟಲ್ ಕಾರ್ಡ್ ಇನ್ನೂ ಓಡುತ್ತಿತ್ತು. ಮಾವ ಕುರ್ಚಿಯನ್ನು ನನ್ನ ಕಿವಿಯ ಹತ್ತಿರಕ್ಕೆ ಎಳೆದುಕೊಂಡರು.

"ಈಗ ನೋಡ್ತಾ ಇರಿ, ಮುಂದೆ ಏನಾಗುತ್ತೆ ಗೊತ್ತಾ?"