ಸೆಟ್ಟಿಂಗ್‌ಗಳೆಲ್ಲ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲೇ ಇರಬೇಕೆ?

ಪರ

ಡೆವಲಪರ್‌ನ ಲ್ಯಾಪ್‌ಟಾಪ್, ಟೆಸ್ಟಿಂಗ್ ಸರ್ವರ್, ಪ್ರೊಡಕ್ಷನ್ (ಗ್ರಾಹಕರು ಬಳಸುವ ನಿಜವಾದ ಸರ್ವರ್) ಮೂರರಲ್ಲೂ ಓಡುವುದು ಒಂದೇ ಕೋಡ್. ಬದಲಾಗುವುದು ಡೇಟಾಬೇಸ್ ವಿಳಾಸ, ಪಾಸ್‌ವರ್ಡ್, ಲಾಗ್ ಮಟ್ಟದಂಥವು ಮಾತ್ರ. ಅವನ್ನು ಕೋಡ್‌ನಿಂದ ಹೊರಗೆ, ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ (ಓಡುವ ಪ್ರೋಗ್ರಾಂಗೆ ಸಿಸ್ಟಂ ಕೊಡುವ ಹೆಸರು-ಮೌಲ್ಯದ ಜೋಡಿಗಳಲ್ಲಿ) ಇಡಿ ಎಂದು ಕ್ಲೌಡ್ ಸೇವೆ ಹೆರೋಕುವಿನ ಎಂಜಿನಿಯರ್‌ಗಳು 2011ರಲ್ಲಿ ‘ಟ್ವೆಲ್ವ್ ಫ್ಯಾಕ್ಟರ್ ಆ್ಯಪ್’ ಸೂತ್ರಗಳಲ್ಲಿ ಹೇಳಿದರು. ಅವರ ಪರೀಕ್ಷೆ ಸರಳ: ಕೋಡನ್ನು ಈಗಲೇ ಸಾರ್ವಜನಿಕಗೊಳಿಸಿದರೆ ಗುಟ್ಟೇನಾದರೂ ಬಯಲಾಗುತ್ತದೆಯೇ? ಕೋಡ್‌ನ ಪ್ರತಿ ಬದಲಾವಣೆಯನ್ನೂ (ಕಮಿಟ್) ದಾಖಲಿಸುವ ಗಿಟ್‌ಗೆ ಒಮ್ಮೆ ಸೇರಿದ ಪಾಸ್‌ವರ್ಡನ್ನು ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಅದು ಇತಿಹಾಸದಲ್ಲಿ ಉಳಿದೇ ಇರುತ್ತದೆ. ವೇರಿಯಬಲ್‌ಗಳಿಗೆ ಭಾಷೆಯ ಹಂಗೂ ಇಲ್ಲ. ಪೈಥಾನ್, ಜಾವಾ, ನೋಡ್.ಜೆಎಸ್ ಎಲ್ಲವೂ ಓದುತ್ತವೆ. ಪಟ್ಟಿ ಬೆಳೆದರೆ ನಿಭಾಯಿಸುವುದು ಕಷ್ಟವೆಂದು, ಪರ ವಹಿಸಲು ಕುಳಿತಿದ್ದರೂ, ಒಪ್ಪಲೇಬೇಕು. ಆದರೂ ಗುಟ್ಟು ಕಾಯಲು ಇದೇ ಮೇಲು.

ವಿರೋಧ

ಇವರ ಲೆಕ್ಕದಲ್ಲಿ ಟೈಮ್‌ಔಟ್ (ಉತ್ತರಕ್ಕೆ ಕಾಯುವ ಮಿತಿ) ಎಷ್ಟು ಸೆಕೆಂಡ್ ಎಂಬುದೂ ರಾಜರಹಸ್ಯ! ನಾನಿದ್ದ ತಂಡವೊಂದರಲ್ಲಿ ಟೆಸ್ಟಿಂಗ್ ಸರ್ವರ್‌ನಿಂದ ಯಾರಿಗೂ ಇಮೇಲ್ ಹೋಗದಿರಲೆಂದು ಒಂದು ವೇರಿಯಬಲ್‌ಗೆ ‘ಫಾಲ್ಸ್’ ಎಂದು ಕೊಟ್ಟಿದ್ದರು. ವೇರಿಯಬಲ್‌ಗೆ ಗೊತ್ತಿರುವುದು ಅಕ್ಷರಗಳಷ್ಟೇ, ಹೌದು-ಅಲ್ಲ ಅದಕ್ಕೆ ತಿಳಿಯದು. ಹೌದೋ ಅಲ್ಲವೋ ಎಂದು ಹೇಳುವ ಪೈಥಾನ್‌ನ ‘ಬೂಲ್’ ಖಾಲಿಯಲ್ಲದ ಯಾವ ಸ್ಟ್ರಿಂಗ್ (ಅಕ್ಷರಗಳ ಸಾಲು) ಕೊಟ್ಟರೂ ‘ಟ್ರೂ’, ಅಂದರೆ ಹೌದು, ಎನ್ನುತ್ತದೆ. ‘ಫಾಲ್ಸ್’ ಎಂದು ಬರೆದು ಕೊಟ್ಟರೂ ಅಷ್ಟೇ. ನಿಜವಾದ ಗ್ರಾಹಕರಿಗೆ ಸುಳ್ಳು ಬಿಲ್‌ಗಳು ಹೋದವು. ಆ ಮೌಲ್ಯವನ್ನು ಯಾರು, ಯಾವಾಗ ಇಟ್ಟರೆಂದು ಹುಡುಕಿದರೆ ದಾಖಲೆಯೇ ಇಲ್ಲ. ಇಡೀ ಮಧ್ಯಾಹ್ನ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದ್ದಾಯಿತು.

ಅದೇ ಸಾಲು ಕೋಡ್ ಜೊತೆಗೇ ಇರುವ ಯಾಮಲ್ (ಸೆಟ್ಟಿಂಗ್ ಬರೆಯುವ ಒಂದು ಮಾದರಿ) ಫೈಲ್‌ನಲ್ಲಿದ್ದಿದ್ದರೆ ಫಾಲ್ಸ್ ಎಂದರೆ ಫಾಲ್ಸ್. ರಿವ್ಯೂ ಮಾಡುವವರ ಕಣ್ಣಿಗೂ ಬೀಳುತ್ತಿತ್ತು, ಬರೆದವರ ಹೆಸರನ್ನು ಗಿಟ್ ಹೇಳುತ್ತಿತ್ತು. ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ ಮೂಲ ಆ್ಯಪ್‌ಸೆಟ್ಟಿಂಗ್ಸ್ ಫೈಲ್ ಇರುತ್ತದೆ, ಪ್ರೊಡಕ್ಷನ್‌ನದರಲ್ಲಿ ಬೇರೆಯಾದ ಸಾಲುಗಳನ್ನಷ್ಟೇ ಬರೆದರಾಯಿತು. ಜಾವಾದ ಸ್ಪ್ರಿಂಗ್ ಬೂಟ್‌ನ ಪ್ರೊಫೈಲ್‌ಗಳೂ ಹೀಗೆಯೇ. ಎರಡು ಸರ್ವರ್‌ಗಳ ನಡುವೆ ಏನು ವ್ಯತ್ಯಾಸವೆಂದು ತಿಳಿಯಲು ಫೈಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಯಾರನ್ನೂ ಕೇಳಬೇಕಾಗಿಲ್ಲ.

ಪಾಸ್‌ವರ್ಡ್ ಗತಿಯೇನು ಎನ್ನುತ್ತೀರಾ? ವೇರಿಯಬಲ್ ಏನೂ ತಿಜೋರಿಯಲ್ಲ. ಒಂದು ಪ್ರೋಗ್ರಾಂ ಇನ್ನೊಂದನ್ನು ಶುರುಮಾಡಿದರೆ, ತಡೆಯದ ಹೊರತು, ಅದಕ್ಕೂ ಎಲ್ಲವೂ ದಾಟುತ್ತದೆ. ಯಾರೋ ತೆಗೆಯಲು ಮರೆತ ‘ಪಿಎಚ್‌ಪಿ ಇನ್ಫೋ’ ಎಂಬ, ಸರ್ವರ್‌ನ ವಿವರ ತೋರಿಸುವ ಪುಟ ಅವನ್ನು ದಾರಿಹೋಕರಿಗೂ ಸಾಲಾಗಿ ತೋರಿಸಬಲ್ಲದು. ಗುಟ್ಟುಗಳನ್ನು ಎನ್‌ಕ್ರಿಪ್ಟ್ ಮಾಡಿ ಕೋಡ್ ಜೊತೆಗೇ ಇಡುವ ‘ಕ್ರೆಡೆನ್ಶಿಯಲ್ಸ್’ ವ್ಯವಸ್ಥೆ ವೆಬ್ ಆ್ಯಪ್ ಕಟ್ಟಲು ಬಳಸುವ ರೈಲ್ಸ್‌ನಲ್ಲಿ 2018ರ 5.2ನೇ ಆವೃತ್ತಿಯಿಂದಲೇ ಇದೆ. ಅದನ್ನು ತೆರೆಯುವ ಕೀಲಿಯನ್ನು ಸರ್ವರ್‌ನಲ್ಲಿ ಎಲ್ಲಿಡಬೇಕು ಎಂಬ ಚರ್ಚೆ ಇನ್ನೊಂದು ದಿನಕ್ಕಿರಲಿ.