ಇಲ್ಲಿ ಕೇಳಿ ತಿದ್ದುತ್ತಾರೆ, ಅಲ್ಲಿ ತಿದ್ದಿ ಹೇಳುತ್ತಾರೆ

2023ರ ಅಕ್ಟೋಬರ್ 14ರ ಜನಮತಗಣನೆಗೆ ಮುಂಚೆ ಮೆಲ್ಬರ್ನಿನ ನಮ್ಮ ಮನೆಗೆ ಚುನಾವಣಾ ಆಯೋಗದ ಪುಸ್ತಿಕೆಯೊಂದು ಅಂಚೆಯಲ್ಲಿ ಬಂತು. ಮೂಲನಿವಾಸಿಗಳ ಪರವಾಗಿ ಸಂಸತ್ತಿಗೆ ಅಭಿಪ್ರಾಯ ತಿಳಿಸುವ ಮಂಡಳಿಯೊಂದಕ್ಕೆ ಆಸ್ಟ್ರೇಲಿಯದ ಸಂವಿಧಾನದಲ್ಲಿ ಸ್ಥಾನ ಕೊಡಬೇಕೇ ಎಂಬುದು ಪ್ರಶ್ನೆ. ಕೊಡಬೇಕೆನ್ನುವ ಸಂಸದರ ವಾದ, ಬೇಡವೆನ್ನುವವರ ವಾದ, ಎರಡೂ ಅದರಲ್ಲಿದ್ದವು. ಊರಿನಲ್ಲಿದ್ದಷ್ಟು ಕಾಲ ಪಂಚಾಯಿತಿಯಿಂದ ಲೋಕಸಭೆಯವರೆಗೆ ತಪ್ಪದೆ ಮತ ಹಾಕಿದ ನನ್ನನ್ನು ಸಂವಿಧಾನದ ಒಂದಕ್ಷರದ ಬಗ್ಗೆಯೂ ಯಾರೂ ಕೇಳಿರಲಿಲ್ಲ. ಸಂತೋಷವಾಯಿತು, ಅದರ ಬೆನ್ನಿಗೇ ತವರಿನ ಮೇಲೆ ಸಣ್ಣ ಮುನಿಸೂ ಹುಟ್ಟಿತು.

ಇಲ್ಲಿನ ಸಂವಿಧಾನದ 128ನೇ ವಿಧಿಯ ಪ್ರಕಾರ ತಿದ್ದುಪಡಿಗೆ ಸಂಸತ್ತಿನ ಒಪ್ಪಿಗೆಯಷ್ಟೇ ಸಾಲದು. ದೇಶದ ಒಟ್ಟು ಮತದಾರರಲ್ಲಿ ಬಹುಮತವೂ ಆರು ರಾಜ್ಯಗಳ ಪೈಕಿ ನಾಲ್ಕರಲ್ಲಿ ಬಹುಮತವೂ ಬೇಕು. ಈವರೆಗೆ ಜನರ ಮುಂದಿಟ್ಟ 45 ಪ್ರಸ್ತಾವಗಳಲ್ಲಿ ಗೆದ್ದವು 8 ಮಾತ್ರ. ನಮ್ಮ 368ನೇ ವಿಧಿ ಮೂರನೇ ಎರಡರಷ್ಟು ಸಂಸದರ ಮತವನ್ನು, ಕೆಲವು ವಿಷಯಗಳಲ್ಲಿ ಅರ್ಧದಷ್ಟು ರಾಜ್ಯ ಶಾಸನಸಭೆಗಳ ಸಮ್ಮತಿಯನ್ನು ಕೇಳುತ್ತದೆಯೇ ಹೊರತು ಮತದಾರನನ್ನು ಕೇಳುವುದಿಲ್ಲ. ತಿದ್ದುಪಡಿಗಳ ಸಂಖ್ಯೆ ನೂರನ್ನು ದಾಟಿ ವರ್ಷಗಳೇ ಆದವು.

1951ನೇ ಇಸವಿಯನ್ನೇ ನೋಡಿ. ಎಡಪಂಥೀಯ ಪತ್ರಿಕೆಯೊಂದರ ಮೇಲೆ ಮದ್ರಾಸ್ ಸರ್ಕಾರ ಹೇರಿದ್ದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 1950ರಲ್ಲಿ ರದ್ದುಪಡಿಸಿತ್ತು. ಮರುವರ್ಷವೇ, ಮೊದಲ ಸಾರ್ವತ್ರಿಕ ಚುನಾವಣೆಯೂ ನಡೆಯದೆ ಇದ್ದಾಗ, ತಾತ್ಕಾಲಿಕ ಸಂಸತ್ತು ಮೊದಲ ತಿದ್ದುಪಡಿಯನ್ನು ತಂದು ವಾಕ್ ಸ್ವಾತಂತ್ರ್ಯದ ಮೇಲಿನ ನಿರ್ಬಂಧಗಳನ್ನು ಹಿಗ್ಗಿಸಿತು. ಅದೇ ವರ್ಷ ಇಲ್ಲಿ ಪ್ರಧಾನಿ ಮೆನ್ಜೀಸ್ ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಲು ಮಾಡಿದ್ದ ಕಾನೂನನ್ನು ಹೈಕೋರ್ಟ್, ಅಂದರೆ ಇಲ್ಲಿನ ಸರ್ವೋಚ್ಚ ನ್ಯಾಯಾಲಯ, ತಳ್ಳಿಹಾಕಿತು. ಬಳಿಕ ನಡೆದ ಚುನಾವಣೆಯಲ್ಲಿ ಎರಡೂ ಸದನಗಳಲ್ಲಿ ಬಹುಮತ ಗಳಿಸಿದರೂ ಮೆನ್ಜೀಸ್ ಸಂವಿಧಾನವನ್ನು ತಾವಾಗಿ ತಿದ್ದುವಂತಿರಲಿಲ್ಲ, ಜನರ ಬಳಿಗೆ ಹೋಗಲೇಬೇಕಿತ್ತು. ಸೆಪ್ಟೆಂಬರ್ 22ರಂದು ಜನ, ಕೂದಲೆಳೆಯ ಅಂತರದಲ್ಲಿ, ಬೇಡವೆಂದರು. ಕೆಲವೇ ತಿಂಗಳ ಹಿಂದೆ ತಾವೇ ಗೆಲ್ಲಿಸಿದ್ದ ಸರ್ಕಾರಕ್ಕೆ ಅವರು ಹೀಗೆ ಹೇಳಬಲ್ಲವರಾದರು ಎಂಬುದೇ ನನಗೆ ಇಲ್ಲಿ ಬಹಳ ಹಿಡಿಸುವ ಸಂಗತಿ.

ನಮ್ಮಲ್ಲಾದರೋ ಕೋರ್ಟು ಬೇಡವೆಂದರೆ ಕೋರ್ಟನ್ನೇ ಸರಿಪಡಿಸುವ ಚಾಳಿ. 1973ರಲ್ಲಿ, ಸಂವಿಧಾನದ ಮೂಲಲಕ್ಷಣಗಳನ್ನು ಸಂಸತ್ತು ಬದಲಿಸುವಂತಿಲ್ಲವೆಂದ ಕೇಶವಾನಂದ ಭಾರತಿ ತೀರ್ಪು ಹೊರಬಿದ್ದ ಬೆನ್ನಿಗೇ ಸರ್ಕಾರದ ವಿರುದ್ಧ ಬರೆದಿದ್ದ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಬದಿಗೊತ್ತಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಮೂವರೂ ರಾಜೀನಾಮೆ ಕೊಟ್ಟು ಹೊರನಡೆದರು. ಅವರಲ್ಲಿ ಒಬ್ಬರು ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆ. 1976ರ 42ನೇ ತಿದ್ದುಪಡಿಯ ಹೊತ್ತಿಗಂತೂ ವಿರೋಧ ಪಕ್ಷದ ಅನೇಕ ನಾಯಕರು ಸೆರೆಯಲ್ಲಿದ್ದರು, ಲೋಕಸಭೆಯ ಅವಧಿಯೇ ಮುಗಿದು ವಿಸ್ತರಿಸಲ್ಪಟ್ಟಿತ್ತು. ತಿದ್ದುಪಡಿಯನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲವೆಂದು ಬರೆದುಕೊಂಡವರು ಆ ಸಂಸದರೇ. 1978ರಲ್ಲಿ ಜನತಾ ಸರ್ಕಾರ ಸಂವಿಧಾನದ ಮೂಲಲಕ್ಷಣಗಳನ್ನು ಬದಲಿಸಬೇಕಾದರೆ ಜನಮತಗಣನೆ ಕಡ್ಡಾಯವೆಂಬ ಅಂಶವನ್ನು ತನ್ನ ತಿದ್ದುಪಡಿ ಮಸೂದೆಯಲ್ಲಿ ಸೇರಿಸಿತು. ಆ ಮೂಲಲಕ್ಷಣಗಳಲ್ಲಿ ನ್ಯಾಯಾಂಗದ ಸ್ವಾತಂತ್ರ್ಯವೂ ಒಂದು. ಲೋಕಸಭೆ ಒಪ್ಪಿತು. ಆಗ ಸಭಾಧ್ಯಕ್ಷರ ಪೀಠದಲ್ಲಿದ್ದವರು ಅದೇ ಹೆಗ್ಡೆಯವರು! ರಾಜ್ಯಸಭೆ ಒಪ್ಪಲಿಲ್ಲ, ಮತ್ತೆ ಯಾರೂ ಆ ಮಾತೆತ್ತಲಿಲ್ಲ. ಈ ಅವಕಾಶ ಕೈತಪ್ಪಿದ್ದಕ್ಕೆ ನನಗೆ ಈಗಲೂ ಬೇಸರವಿದೆ.

ಇಷ್ಟೆಲ್ಲ ಹೇಳಿದ ಮೇಲೆ ಇಲ್ಲಿನ ಹುಳುಕನ್ನೂ ಹೇಳಬೇಕಾಗುತ್ತದೆ. ಈ ದೇಶದ ಸಂವಿಧಾನದಲ್ಲಿ ನಮ್ಮ ಮೂರನೇ ಭಾಗದಂಥ ಮೂಲಭೂತ ಹಕ್ಕುಗಳ ಪಟ್ಟಿಯಿಲ್ಲ. ನ್ಯಾಯಾಧೀಶರನ್ನು ಆರಿಸುವುದು ಸರ್ಕಾರವೇ. 1973ನ್ನು ಕಂಡ ನಾಡಿನಲ್ಲಿ ಅಂಥ ವ್ಯವಸ್ಥೆಯನ್ನು ನಂಬುವುದು ಕಷ್ಟ, ಹಿರಿಯ ನ್ಯಾಯಮೂರ್ತಿಗಳೇ ನ್ಯಾಯಮೂರ್ತಿಗಳನ್ನು ಆರಿಸುವ ನಮ್ಮ ಕೊಲಿಜಿಯಂ ಮೇಲೆ ಎಷ್ಟೇ ದೂರುಗಳಿದ್ದರೂ. 2023ರ ಪ್ರಶ್ನೆಗೆ ಶೇ 60ರಷ್ಟು ಮತದಾರರು ಬೇಡವೆಂದರು, ಆರೂ ರಾಜ್ಯಗಳಲ್ಲಿ ಅದು ಬಿದ್ದುಹೋಯಿತು. ಜನಸಂಖ್ಯೆಯಲ್ಲಿ ಶೇ 4ರ ಆಸುಪಾಸಿನಲ್ಲಿರುವವರ ಅಹವಾಲು ಉಳಿದ 96 ಮಂದಿಯ ಮರ್ಜಿಗೆ ಬಿದ್ದರೆ ಆಗುವುದು ಇದೇ.

1973ರ ಆ ಮೊಕದ್ದಮೆ ಹೂಡಿದ್ದ ಕೇಶವಾನಂದ ಭಾರತಿ ಸ್ವಾಮೀಜಿಯವರ ಎಡನೀರು ಮಠ ಇರುವುದು ಕಾಸರಗೋಡಿನಲ್ಲಿ. 1956ರಿಂದ ಕೇರಳಕ್ಕೆ ಸೇರಿಹೋದ ಆ ಕನ್ನಡಿಗರೂ ನನ್ನಂತೆ ಹೊರನಾಡಿಗರೇ, ನನ್ನಂತೆ ತಾವಾಗಿ ಹೊರಟು ಬಂದವರಲ್ಲ. ಸ್ವಾಮೀಜಿಯವರಿಗೆ ಮಠದ ಭೂಮಿಯ ವಿಚಾರದಲ್ಲಿ ಆ ತೀರ್ಪಿನಿಂದ ಸಿಕ್ಕಿದ್ದು ಹೆಚ್ಚೇನಿಲ್ಲ, ಆದರೆ 42ನೇ ತಿದ್ದುಪಡಿಯ ಆ ಬೀಗವನ್ನು 1980ರಲ್ಲಿ ಬೆಂಗಳೂರಿನ ಮಿನರ್ವ ಮಿಲ್ಸ್ ಪ್ರಕರಣ ಮುರಿದದ್ದು ಅದರ ಬಲದಿಂದಲೇ. ಕನ್ನಡ ಶಾಲೆ ಉಳಿಯಬೇಕೇ ಎಂದು ಕೇರಳದ ಎಲ್ಲ ಮತದಾರರನ್ನೂ ಕೇಳಿದರೆ ಉತ್ತರ ಏನಿರಬಹುದೆಂದು ಊಹಿಸುವುದು ಕಷ್ಟವಲ್ಲ. ಭಾಷಾ ಅಲ್ಪಸಂಖ್ಯಾತರ ಹಕ್ಕನ್ನು ಕಾಯುವ 29 ಮತ್ತು 30ನೇ ವಿಧಿಗಳನ್ನು ನಾನಾದರೂ ಜನಮತಗಣನೆಗೆ ಬಿಡುವವನಲ್ಲ.